ಎಂಎಸ್ ಆಫೀಸ್ ಹಳೆಯದಾದರೆ ಬದಲಿಸಲೇಬೇಕಾ?

ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಆಡಿಟರ್‌ಗಳು, ಒಂದೆರಡು ರೈಸ್ ಮಿಲ್, ಒಂದು ಶಾಲೆ, ಹೀಗೆ. 2025ರ ಅಕ್ಟೋಬರ್ 14ಕ್ಕೆ ವರ್ಡ್, ಎಕ್ಸೆಲ್ ಇರುವ ಸಾಫ್ಟ್‌ವೇರ್ ಆದ ಆಫೀಸ್‌ನ 2016, 2019 ಆವೃತ್ತಿ ಎರಡಕ್ಕೂ ಮೈಕ್ರೋಸಾಫ್ಟ್ ಬೆಂಬಲ ನಿಂತಿತು. ವಿಂಡೋಸ್ 10ಕ್ಕೂ ಅದೇ ದಿನ ಗಡುವು. ಆಗಿನಿಂದ ಎಲ್ಲರೂ ಕೇಳುವುದು ಒಂದೇ: "ಚೆನ್ನಾಗೇ ನಡೀತಿದೆಯಲ್ಲಪ್ಪಾ, ಮತ್ಯಾಕೆ ದುಡ್ಡು ಹಾಕಬೇಕು?"

ಪ್ರಶ್ನೆ ತಪ್ಪಲ್ಲ. ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ.

ಒಬ್ಬ ಆಡಿಟರ್ ಆಫೀಸಿನಲ್ಲಿ ನಾಲ್ಕು ಕಂಪ್ಯೂಟರ್. ಎಲ್ಲದರಲ್ಲೂ ಆಫೀಸ್ 2007. ಒಂದು ಕೆಟ್ಟಿತು, ಹೊಸದು ತಂದೆವು, ಅದಕ್ಕೆ ಆಫೀಸ್ 2021 ಹಾಕಿದೆ. ಸೆಪ್ಟೆಂಬರ್ ಮೂರನೇ ವಾರ. ಟ್ಯಾಕ್ಸ್ ಆಡಿಟ್ ವರದಿಗೆ 30ರ ಗಡುವು ಅಂತ ಗೊತ್ತಿದ್ದೂ ಹಾಕಿದೆ, ಅದೇ ಮೊದಲ ತಪ್ಪು. ಅವರ ಬಳಿ ಒಂದು ಎಕ್ಸೆಲ್ ಫೈಲ್ ಇತ್ತು. ಹಿಂದೆ ಅಲ್ಲಿ ಆರ್ಟಿಕಲ್ಸ್, ಅಂದರೆ ಸಿಎ ತರಬೇತಿ, ಮಾಡುತ್ತಿದ್ದ ಹುಡುಗ ಬರೆದಿದ್ದು. ಒಂದು ಬಟನ್ ಒತ್ತಿದರೆ ಪಾರ್ಟಿವಾರು ಶೀಟುಗಳು ಒಂದೊಂದಾಗಿ ಪ್ರಿಂಟ್ ಆಗುತ್ತಿದ್ದವು. ಹೊಸ ಕಂಪ್ಯೂಟರಿನಲ್ಲಿ ಬಟನ್ ಒತ್ತಿದರೆ ಪ್ರಿಂಟಿನ ಬದಲು ಎರರ್. 64 ಬಿಟ್‌ಗೆ ಈ ಕೋಡ್ ತಿದ್ದಬೇಕು ಅಂತ. ಹಳೆಯ ಆಫೀಸ್ 32 ಬಿಟ್‌ನದು, ನಾನು ಹಾಕಿದ್ದು 64 ಬಿಟ್‌ನದು.

ತೆರೆದು ನೋಡಿದೆ. ಎರಡು ಪ್ರಿಂಟ್‌ಗಳ ನಡುವೆ ಎರಡು ಸೆಕೆಂಡ್ ಕಾಯಲು ಆ ಹುಡುಗ ವಿಂಡೋಸ್‌ನ 'ಸ್ಲೀಪ್' ಅನ್ನುವ ಆಜ್ಞೆ ಬಳಸಿದ್ದ. ಆ ಸಾಲಿಗೆ 'ಪಿಟಿಆರ್‌ಸೇಫ್' ಅನ್ನುವ ಒಂದೇ ಪದ ಸೇರಿಸಿದೆ, ಸರಿಹೋಯಿತು. ಹೆಮ್ಮೆಯಿಂದ ಮನೆಗೆ ಹೋದೆ. ಬೆಳಗ್ಗೆ ಒಂಬತ್ತಕ್ಕೇ ಫೋನ್. ಈಗ ಉಳಿದ ಮೂರು ಕಂಪ್ಯೂಟರಿನಲ್ಲಿ ಅದೇ ಫೈಲ್ ಎರರ್! ಆ ಪದ 2007ಕ್ಕೆ ಗೊತ್ತೇ ಇಲ್ಲ, ಅದು ಬಂದಿದ್ದೇ ಆಫೀಸ್ 2010ರಲ್ಲಿ. ಕೊನೆಗೆ ಎರಡಕ್ಕೂ ಆಗುವ ಹಾಗೆ ಕೋಡ್ ಬರೆದು ಮುಗಿಸುವಷ್ಟರಲ್ಲಿ ಅರ್ಧ ದಿನ ಹೋಯಿತು. ಆಡಿಟರ್ ಸಾರ್ ಬೈಯಲಿಲ್ಲ. ಗೋಡೆಯ ಕ್ಯಾಲೆಂಡರ್ ಕಡೆ ನೋಡುತ್ತಾ ಕೂತಿದ್ದರು, ಅದೇ ಜಾಸ್ತಿ ಚುಚ್ಚಿತು.

ಅಲ್ಲಿಗೇ ಮುಗಿಯಲಿಲ್ಲ. ಹೊಸ ಕಂಪ್ಯೂಟರಿನಲ್ಲಿ ಕೂರುವ ಹುಡುಗಿ ಎಕ್ಸ್‌ಲುಕಪ್ ಕಲಿತಳು. ಪಟ್ಟಿಯಲ್ಲಿ ಬೇಕಾದ್ದನ್ನು ಹುಡುಕಿ ತರುವ ಎಕ್ಸೆಲ್ ಸೂತ್ರ ಅದು. ಅದೇ ಕೆಲಸದ ಹಳೆಯ ಸೂತ್ರ ವಿಲುಕಪ್‌ಗಿಂತ ಅದು ಎಷ್ಟೋ ಸಲೀಸು, ನಿಜ. ಆದರೆ ಅವಳ ಶೀಟನ್ನು ಹಳೆಯ ಎಕ್ಸೆಲ್‌ನಲ್ಲಿ ತೆರೆದು ಲೆಕ್ಕ ಮಾಡಿಸಿದರೆ ಮೊತ್ತದ ಜಾಗದಲ್ಲಿ 'ನೇಮ್' ಎರರ್. 2019ಕ್ಕೂ ಆ ಸೂತ್ರ ಗೊತ್ತಿಲ್ಲ.

ಹಾಗಾಗಿ ಲೈಸೆನ್ಸ್ ಬೆಲೆಯನ್ನು ನಾನೀಗ ಕೊನೆಗೆ ಹೇಳುತ್ತೇನೆ. ಮೊದಲು ಕೇಳುವುದು, ಒಂದೇ ಫೈಲನ್ನು ಎಷ್ಟು ಜನ ಮುಟ್ಟುತ್ತೀರಿ ಅಂತ. ಜಾಸ್ತಿ ಜನ ಮುಟ್ಟುವುದಾದರೆ ಬದಲಿಸಿದರೆ ಎಲ್ಲವನ್ನೂ ಬದಲಿಸಿ. ಎಲ್ಲವನ್ನೂ ಬದಲಿಸಲಾಗದಿದ್ದರೆ ಹೊಸದಕ್ಕೂ 32 ಬಿಟ್ ಆವೃತ್ತಿ ಹಾಕಿಸಿ, ಹೊಸ ಸೂತ್ರಗಳಿಂದ ದೂರ ಇರಿ. ಡೀಲರ್ ಇದನ್ನು ಹೇಳುವುದಿಲ್ಲ.

ಹೊಸ ಸೌಲಭ್ಯಗಳಿಗಾಗಿಯೇ ಬದಲಿಸುವುದು ಹೆಚ್ಚಿನವರಿಗೆ ದಂಡ. ಎಕ್ಸೆಲ್ 2003ರಲ್ಲಿ 65,536 ಸಾಲುಗಳಿಗೆ ಶೀಟು ಮುಗಿಯುತ್ತಿತ್ತು, 2007ರಲ್ಲಿ ಅದು 10,48,576 ಆಯಿತು. ಆ ಬದಲಾವಣೆಗೆ ದುಡ್ಡು ಕೊಟ್ಟಿದ್ದು ಸಾರ್ಥಕ. ಪತ್ರ ಟೈಪ್ ಮಾಡುವ, ಪಟ್ಟಿ ಮಾಡುವ ಆಫೀಸಿಗೆ ಆಮೇಲೆ ಅಷ್ಟು ದೊಡ್ಡದೇನೂ ಬಂದಿಲ್ಲ. ಶಾಲೆಯಲ್ಲಿ ಉಚಿತದ ಲಿಬ್ರೆಆಫೀಸ್ ಹಾಕಿದ್ದೇನೆ, ಯಾರೂ ದೂರಿಲ್ಲ. ಆ ಪ್ರಿಂಟ್ ಬಟನ್ನಿನಂಥ ಹಳೆಯ ಮ್ಯಾಕ್ರೊಗಳಿರುವ ಕಡೆ ಮಾತ್ರ ಅದನ್ನು ನಂಬಬೇಡಿ.

ಬದಲಿಸಲು ಗಟ್ಟಿ ಕಾರಣ ಇರುವುದು ಸುರಕ್ಷತೆಯಲ್ಲಿ. ಆಡಿಟರ್ ಆಫೀಸಿಗೆ ದಿನಕ್ಕೆ ಹತ್ತಾರು ಎಕ್ಸೆಲ್, ವರ್ಡ್ ಫೈಲುಗಳು ಮೇಲ್‌ನಲ್ಲಿ ಬರುತ್ತವೆ. ಕಳಿಸಿದವರ ಕಂಪ್ಯೂಟರ್ ಹೇಗಿದೆಯೋ ಏನೋ. ಬೆಂಬಲ ನಿಂತ ಮೇಲೆ ಸಿಕ್ಕ ತೂತಿಗೆ ತೇಪೆ ಹಾಕುವವರಿಲ್ಲ. ಕ್ಲೈಂಟ್‌ಗಳ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಇರುವ ಕಂಪ್ಯೂಟರಿಗೆ ಅದು ಸರಿಯಲ್ಲ. ಲೈಸೆನ್ಸ್ ಇಲ್ಲದ ಕ್ರ್ಯಾಕ್ ಕಾಪಿ ಹಾಕಿಸಿಕೊಂಡು 'ಅಪ್‌ಗ್ರೇಡ್ ಮಾಡಿದೆ' ಅನ್ನುವವರಿದ್ದಾರೆ. ಅದು ಬೀಗದ ಕೀಲಿಯನ್ನು ಕಳ್ಳನಿಂದಲೇ ಮಾಡಿಸಿಕೊಂಡ ಹಾಗೆ. ಲ್ಯಾಪ್‌ಟಾಪ್ ಜೊತೆ ಬರುತ್ತಿದ್ದ ಆಫೀಸ್ 'ಹೋಮ್ ಅಂಡ್ ಸ್ಟೂಡೆಂಟ್' ಕೂಡ ವ್ಯಾಪಾರಕ್ಕೆ ಅಲ್ಲ.

ಕಾನೂನಿನ ಹೆಸರಿನಲ್ಲಿ ಹೆದರಿಸಿ ಮಾರುವುದೂ ಉಂಟು. 2023ರ ಏಪ್ರಿಲ್ 1ರಿಂದ ಕಂಪನಿಗಳು ಎಡಿಟ್ ಲಾಗ್, ಅಂದರೆ ಲೆಕ್ಕದಲ್ಲಿ ಮಾಡಿದ ಪ್ರತಿ ತಿದ್ದುಪಡಿಯ ದಾಖಲೆ, ಇಡುವ ಸಾಫ್ಟ್‌ವೇರನ್ನೇ ಲೆಕ್ಕಕ್ಕೆ ಬಳಸಬೇಕು. ಒಬ್ಬ ಡೀಲರ್ ಇದನ್ನೇ ಹೇಳಿ ಪಾಲುದಾರಿಕೆಯ ಮಿಲ್ ಒಂದರ ಯಜಮಾನರನ್ನು ಗಾಬರಿ ಮಾಡಿಸಿದ್ದ. ನಿಯಮ ಇರುವುದು ಕಂಪನಿ ಕಾಯ್ದೆಯಡಿ, ಪಾಲುದಾರಿಕೆ ಸಂಸ್ಥೆಗೆ ಅದು ಅನ್ವಯಿಸುವುದಿಲ್ಲ. ಅವರನ್ನು ಅವರ ಆಡಿಟರ್ ಹತ್ತಿರ ಕಳಿಸಿದೆ, ಖರ್ಚು ಉಳಿಯಿತು.

ಇನ್ನು ಆ ನಾಲ್ಕು ಕಂಪ್ಯೂಟರ್‌ಗಳ ವಿಷಯ. ಈ ಸಲ ಎಲ್ಲಕ್ಕೂ ಒಂದೇ ಬಾರಿಗೆ ಆಫೀಸ್ 2024 ಹಾಕೋಣ ಅಂದೆ. ಒಮ್ಮೆ ದುಡ್ಡು ಕೊಟ್ಟರೆ 2029ರ ಅಕ್ಟೋಬರ್‌ವರೆಗೆ ಬೆಂಬಲ ಇದೆ. ಸಾರ್ ಒಪ್ಪಿದರು, ಒಂದೇ ಷರತ್ತು: "ಡಿಸೆಂಬರ್ ಆದ್ಮೇಲೆ ಬಾರಪ್ಪಾ."