ಜಮೀನಿದ್ದವರ ವೋಟಿನಿಂದ ವಿಳಾಸವಿದ್ದವರ ವೋಟಿನವರೆಗೆ

ಬೆಂಗಳೂರಿನಲ್ಲಿ ಹತ್ತು ವರ್ಷದಿಂದ ಬಾಡಿಗೆ ಮನೆ, ವೋಟು ಮಾತ್ರ ಊರಲ್ಲಿ. ಇಂಥವರು ನಮ್ಮ ಸುತ್ತ ಎಷ್ಟು ಜನ ಇದ್ದಾರೆ ಅಲ್ವಾ? ಕೇಳಿದರೆ, "ಅಲ್ಲಿ ಮನೆ ಇದೆ, ಪಹಣಿ ನಮ್ಮ ಹೆಸರಲ್ಲೇ ಇದೆ" ಅನ್ನುತ್ತಾರೆ. ಆದರೆ ಕಾನೂನು ಹಾಗೆ ಹೇಳುವುದಿಲ್ಲ. 1950ರ ಜನಪ್ರತಿನಿಧಿ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಒಂದು ಕ್ಷೇತ್ರದಲ್ಲಿ ಸ್ವಂತ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ನಿವಾಸಿ ಆಗುವುದಿಲ್ಲ. ಸಾಮಾನ್ಯವಾಗಿ ಎಲ್ಲಿ ವಾಸ ಮಾಡುತ್ತೀರೋ ಅಲ್ಲೇ ನಿಮ್ಮ ವೋಟು.

ಈ ಒಂದು ಸಾಲಿನ ಬೆಲೆ ಗೊತ್ತಾಗಬೇಕಾದರೆ ಹಳೇ ಮೈಸೂರಿಗೆ ಹೋಗಬೇಕು. 1881ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ಒಡೆಯರಿಗೆ ವಾಪಸ್ ಕೊಟ್ಟರು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಮುತುವರ್ಜಿಯಿಂದ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಮೊದಲ ಸಭೆಗೆ ಬಂದವರು 144 ಜನ. ಅವರನ್ನು ಜನ ಆರಿಸಿರಲಿಲ್ಲ. ಕಾನೂನು ಮಾಡುವ ಅಧಿಕಾರವೂ ಅವರಿಗಿರಲಿಲ್ಲ. ದಸರಾ ಹೊತ್ತಿಗೆ ಸೇರಿ, ದಿವಾನರು ಒಪ್ಪಿಸುವ ಆಡಳಿತದ ಲೆಕ್ಕ ಕೇಳಿ, ತಮ್ಮ ಸೀಮೆಯ ಕಷ್ಟ ಹೇಳಿಕೊಳ್ಳುತ್ತಿದ್ದರು. ಅಷ್ಟಾದರೂ ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಸುಮಾರು ಹತ್ತು ವರ್ಷದ ಮೇಲೆ ಈ ಸಭೆಗೆ ಚುನಾವಣೆ ಬಂತು. ವೋಟು ಸಿಕ್ಕಿದ್ದು ಯಾರಿಗೆ? ಇಷ್ಟು ಕಂದಾಯ ಕಟ್ಟುವ ಜಮೀನಿದ್ದವರಿಗೆ, ಆಸ್ತಿಪಾಸ್ತಿ ಇದ್ದವರಿಗೆ, ಡಿಗ್ರಿ ಓದಿದವರಿಗೆ. ಅದೇ ಹೊಲದಲ್ಲಿ ಉತ್ತು ಬಿತ್ತುವ ಆಳಿಗೆ ಇಲ್ಲ. 1923ರ ಸುಧಾರಣೆಯಲ್ಲಿ ಹೆಂಗಸರಿಗೂ ದಾರಿ ತೆರೆಯಿತು, ಆದರೆ ಆಸ್ತಿಯ ಷರತ್ತು ಹಾಗೇ ಉಳಿಯಿತು. ಆಸ್ತಿ ಗಂಡಸರ ಹೆಸರಲ್ಲೇ ಇರುತ್ತಿದ್ದ ಕಾಲದಲ್ಲಿ ಆ ದಾರಿ ಎಷ್ಟು ಕಿರಿದಾಗಿತ್ತು ಅಂತ ನೀವೇ ಯೋಚಿಸಿ.

1950ರಲ್ಲಿ ಸಂವಿಧಾನದ 326ನೇ ವಿಧಿ ಇದನ್ನೆಲ್ಲ ಒಂದೇ ಏಟಿಗೆ ಅಳಿಸಿತು. ಜಮೀನು ಬೇಡ, ಓದು ಬೇಡ, ತೆರಿಗೆ ರಸೀದಿ ಬೇಡ. ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು, ಅಷ್ಟೇ. ಮೊದಲ ಚುನಾವಣೆಗೆ ಮೈಸೂರು ವಿಧಾನಸಭೆಯಲ್ಲಿದ್ದ ಸೀಟು 99. ಕೊಡಗು ಆಗ ಬೇರೆ ರಾಜ್ಯ, ಅದಕ್ಕೆ 24 ಸದಸ್ಯರ ತನ್ನದೇ ವಿಧಾನಸಭೆ. 1956ರ ಏಕೀಕರಣ ಆದ ಮೇಲೆ ಸೀಟು 208 ಆಯಿತು, ಆಮೇಲೆ 216, 1978ರಿಂದ 224. ಜನಸಂಖ್ಯೆ ಎಷ್ಟು ಬೆಳೆದರೂ ಆ ಸಂಖ್ಯೆ ಅಲ್ಲೇ ನಿಂತಿದೆ. 2008ರಲ್ಲಿ ಕ್ಷೇತ್ರಗಳ ಗಡಿ ಬದಲಾಯಿತು, ಲೆಕ್ಕ ಬದಲಾಗಲಿಲ್ಲ. ಈ 224ರಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು.

ಹಳೇ ಕಾಲದ ಒಂದು ತುಣುಕು ಮಾತ್ರ ಇನ್ನೂ ಉಳಿದಿದೆ. ವಿಧಾನ ಪರಿಷತ್ತಿನ 75 ಸೀಟುಗಳಲ್ಲಿ 7 ಪದವೀಧರ ಕ್ಷೇತ್ರ, 7 ಶಿಕ್ಷಕರ ಕ್ಷೇತ್ರ. ಪದವೀಧರರ ಪಟ್ಟಿಗೆ ಸೇರಬೇಕಾದರೆ ಡಿಗ್ರಿ ಮುಗಿದು ಕನಿಷ್ಠ ಮೂರು ವರ್ಷ ಆಗಿರಬೇಕು. ಈ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ, ಹೋದ ಸಲ ಇದ್ದ ಹೆಸರು ತಾನಾಗಿ ಬರುವುದಿಲ್ಲ. ಎಷ್ಟೋ ಪದವೀಧರರಿಗೆ ಇದು ಗೊತ್ತೇ ಇರುವುದಿಲ್ಲ. ನನ್ನ ಮಟ್ಟಿಗೆ, ಓದಿದವನಿಗೆ ಒಂದು ವೋಟು ಜಾಸ್ತಿ ಅನ್ನುವುದೇ ಸರಿ ಕಾಣುವುದಿಲ್ಲ. 326ನೇ ವಿಧಿ ಕಿತ್ತುಹಾಕಿದ ಗೋಡೆಯ ಒಂದು ಇಟ್ಟಿಗೆ ಅದು.

ವಯಸ್ಸಿನ ಕಥೆ ಇನ್ನೂ ಇತ್ತೀಚಿನದು. 61ನೇ ತಿದ್ದುಪಡಿಯಿಂದ 1989ರಲ್ಲಿ 21 ಹೋಗಿ 18 ಆಯಿತು. ಆದರೆ ಜನವರಿ 1ಕ್ಕೆ 18 ತುಂಬಿರಬೇಕು ಅನ್ನುವ ನಿಯಮ ಇತ್ತು. ಜನವರಿ 2ಕ್ಕೆ ಹುಟ್ಟಿದ ಹುಡುಗಿ ಸುಮ್ನೆ ಒಂದು ವರ್ಷ ಕಾಯಬೇಕಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೇ ತಾರೀಖು, ಹೀಗೆ ನಾಲ್ಕು ದಿನಾಂಕಗಳಿವೆ. 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಬಹುದು.

ಇಷ್ಟೆಲ್ಲ ಆದ ಮೇಲೂ ಜನ ಎಡವುವುದು ವಿಳಾಸದಲ್ಲೇ. ಒಮ್ಮೆ ನಾನೂ ಬಾಡಿಗೆ ಮನೆ ಬದಲಾಯಿಸಿ ಹೆಸರಿನ ಗೊಡವೆಗೆ ಹೋಗಿರಲಿಲ್ಲ. ಮತದಾನದ ದಿನ ಹಳೇ ಏರಿಯಾಗೆ ಹೋಗಿ ಸಾಲಲ್ಲಿ ನಿಂತರೆ, ಪಟ್ಟಿಯಲ್ಲಿ ಹೆಸರಿಲ್ಲ. ವೋಟರ್ ಐಡಿ ಜೇಬಲ್ಲೇ ಇತ್ತು. ಆ ದಿನ ವಾಪಸ್ ಬಂದ ಸಂಕಟ ಇವತ್ತಿಗೂ ಇದೆ. ಕಾರ್ಡು ನೀವು ಯಾರು ಅಂತ ತೋರಿಸುತ್ತದೆ ಅಷ್ಟೇ. ಹಕ್ಕು ಇರುವುದು ಪಟ್ಟಿಯಲ್ಲಿ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡ್ ಇಲ್ಲದಿದ್ದರೆ ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ತೋರಿಸಿ ವೋಟು ಹಾಕಬಹುದು. ಹೆಸರಿಲ್ಲದಿದ್ದರೆ ಯಾವ ಕಾರ್ಡೂ ಉಪಯೋಗಕ್ಕೆ ಬರುವುದಿಲ್ಲ.

ಮೊದಲ ಸಲ ಸೇರುವವರಿಗೆ ಫಾರಂ 6. ಮನೆ ಬದಲಾಯಿಸಿದವರಿಗೆ, ತಪ್ಪು ತಿದ್ದಿಸುವವರಿಗೆ ಫಾರಂ 8. ಮನೆ ಬದಲಾಯಿಸಿದಾಗ ಮತ್ತೆ ಫಾರಂ 6 ತುಂಬಬೇಡಿ, ಒಬ್ಬರ ಹೆಸರು ಎರಡು ಕಡೆ ಇರುವಂತಿಲ್ಲ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿದರೆ ಆ ಚುನಾವಣೆಗೆ ಯಾರ ಹೆಸರನ್ನೂ ಸೇರಿಸುವುದಿಲ್ಲ. ಅದಕ್ಕೇ ಚುನಾವಣೆ ಘೋಷಣೆ ಆಗುವ ತನಕ ಕಾಯಬಾರದು.

ಹಾಗಾದರೆ ವಿಳಾಸವೇ ಇಲ್ಲದವರು? ಫುಟ್‌ಪಾತಿನ ಮೇಲೆ, ಫ್ಲೈಓವರ್ ಕೆಳಗೆ ಮಲಗುವವರು? ಅವರಿಗೂ ವೋಟಿದೆ. ಮಲಗುವ ಜಾಗವನ್ನೇ ಅರ್ಜಿಯಲ್ಲಿ ಬರೆಸಬಹುದು. ಅವರಿಂದ ಯಾವ ವಿಳಾಸದ ದಾಖಲೆಯನ್ನೂ ಕೇಳುವಂತಿಲ್ಲ. ಬಿಎಲ್‌ಒ, ಅಂದರೆ ಆ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವವರು, ರಾತ್ರಿ ಹೊತ್ತು ಒಂದಕ್ಕಿಂತ ಹೆಚ್ಚು ಸಲ ಅಲ್ಲಿಗೆ ಹೋಗಿ, ಆ ವ್ಯಕ್ತಿ ನಿಜವಾಗಿ ಅಲ್ಲೇ ಮಲಗುತ್ತಾರಾ ಅಂತ ನೋಡಬೇಕು. ಅಲ್ಲಿ ಸಿಕ್ಕರೆ ಸಾಕು, ಹೆಸರು ಪಟ್ಟಿಗೆ ಸೇರುತ್ತದೆ.