ಬೆಂಜ್ ಕಾರಿಗೆ ತುಕ್ಕು ಹಿಡಿದದ್ದು ಯಾವಾಗ?

ಕರ್ನಾಟಕದ ಊರುಗಳಿಗೆ ಆ ಮೂರು ಮೊನೆಯ ನಕ್ಷತ್ರ ಮೊದಲು ಬಂದದ್ದು ಲಾರಿಯ ಮೂತಿಯ ಮೇಲೆ. 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜತೆ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. 1969ರಲ್ಲಿ ಒಪ್ಪಂದ ಮುಗಿದು, ನಕ್ಷತ್ರದ ಜಾಗಕ್ಕೆ ಟಾಟಾದ ಸ್ವಂತ ಗುರುತು ಬಂದ ಮೇಲೂ ಹಳಬರ ಬಾಯಲ್ಲಿ ಅದು ‘ಬೆಂಜ್ ಲಾರಿ’ಯೇ. ಘಾಟಿ ಹತ್ತುತ್ತದೆ, ಕಾಗದದಲ್ಲಿ ಬರೆದದ್ದಕ್ಕಿಂತ ಹೆಚ್ಚು ಹೊರುತ್ತದೆ, ಕೆಟ್ಟರೆ ಊರಿನ ಮೆಕ್ಯಾನಿಕ್ಕೇ ಸರಿಮಾಡುತ್ತಾನೆ. ಬೆಂಜ್ ಎಂದರೆ ಗಟ್ಟಿ ಎಂಬ ನಂಬಿಕೆ ನಮ್ಮಲ್ಲಿ ಬೆಂಜ್ ಕಾರನ್ನು ಕಣ್ಣಾರೆ ಕಾಣುವ ಮೊದಲೇ ಬೇರೂರಿದ್ದು ಹೀಗೆ.

ಈಗ ಅದೇ ಹೆಸರಿನ ಸುತ್ತ ಎರಡು ಪಂಗಡಗಳಿವೆ. ‘ಬೆಂಜ್ ಅನ್ನುವುದು 1995ಕ್ಕೇ ಮುಗಿಯಿತು, ಆಮೇಲಿನದ್ದೆಲ್ಲ ಪರದೆ ಮತ್ತು ಪ್ಲಾಸ್ಟಿಕ್’ ಎನ್ನುವವರು ಒಂದು ಕಡೆ. ‘ಅಪಘಾತದಲ್ಲಿ ಜೀವ ಉಳಿಸುವುದರಲ್ಲಿ, ಹಿಂದಿನ ಸೀಟಿನ ಸುಖದಲ್ಲಿ ಇದಕ್ಕೆ ಸಾಟಿ ಯಾವುದಿದೆ?’ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿಗೂ ಆಧಾರವಿದೆ. ಆದರೆ ಇಬ್ಬರೂ ಬೇರೆ ಬೇರೆ ಕಾಲದ ಕಾರುಗಳ ಬಗ್ಗೆ ಮಾತನಾಡುತ್ತಿರುತ್ತಾರೆ, ಕಾರಿನ ಬೇರೆ ಬೇರೆ ಭಾಗಗಳ ಬಗ್ಗೆ ಕೂಡ. ಗೋಜಲು ಅಲ್ಲಿಂದಲೇ ಶುರು.

ಮೊದಲಿನ ಎಪ್ಪತ್ತೈದು ವರ್ಷಗಳನ್ನು ಬೇಗ ದಾಟಿಬಿಡಬಹುದು: 1886ರಲ್ಲಿ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಪಡೆದ, 1901ರಲ್ಲಿ ಡೈಮ್ಲರ್ ಕಂಪನಿಯ ಕಾರಿಗೆ ಒಬ್ಬ ವ್ಯಾಪಾರಿಯ ಮಗಳು ಮರ್ಸಿಡಿಸ್‌ಳ ಹೆಸರು ಬಂತು, 1926ರಲ್ಲಿ ಪ್ರತಿಸ್ಪರ್ಧಿಗಳಿಬ್ಬರೂ ಒಂದಾದರು, ಯುದ್ಧ ಎಲ್ಲವನ್ನೂ ನೆಲಸಮ ಮಾಡಿತು, ಮತ್ತೆ ಎದ್ದರು. ಕತೆಗೆ ಬೇಕಾದದ್ದು ಆ ನಂತರದ್ದು.

ಯುದ್ಧಾನಂತರದ ಡೈಮ್ಲರ್-ಬೆಂಜ್ ಎಂಜಿನಿಯರುಗಳ ರಾಜ್ಯ. ಬೇಲಾ ಬರೇನಿ ಎಂಬ ಎಂಜಿನಿಯರು, ಡಿಕ್ಕಿಯಾದಾಗ ಕಾರಿನ ಮೂತಿ ಮತ್ತು ಬಾಲ ಮುದುಡಿ ಹೊಡೆತವನ್ನು ನುಂಗಬೇಕು, ಜನ ಕೂರುವ ನಡುಭಾಗ ಮಾತ್ರ ಬಗ್ಗಬಾರದು ಎಂದು ಯೋಚಿಸಿದ. ಗಟ್ಟಿಯಾದಷ್ಟೂ ಸುರಕ್ಷಿತ ಎಂದು ಎಲ್ಲರೂ ನಂಬಿದ್ದ ಕಾಲವದು. 1959ರ ಮಾಡೆಲಿನಲ್ಲಿ ಆ ಯೋಚನೆ ರಸ್ತೆಗಿಳಿಯಿತು. 1978ರಲ್ಲಿ ಬಾಷ್ ಕಂಪನಿಯ ಜತೆಗೂಡಿ ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ), 1981ರಲ್ಲಿ ಏರ್‌ಬ್ಯಾಗ್. ಲೆಕ್ಕಾಚಾರದ ರೀತಿಯೂ ಇದಕ್ಕೆ ಒಪ್ಪುವಂತಿತ್ತು. ಕಾರು ಹೇಗಿರಬೇಕೆಂದು ಮೊದಲು ನಿಶ್ಚಯವಾಗುತ್ತಿತ್ತು. ತಗಲಿದ ಖರ್ಚನ್ನು ಕೂಡಿ, ಲಾಭ ಸೇರಿಸಿದರೆ ಬಂದದ್ದು ಬೆಲೆ. ಕೊಳ್ಳುವವನು ಸಾಲಿನಲ್ಲಿ ನಿಂತು ಕಾಯುತ್ತಿದ್ದ. 1976ರಲ್ಲಿ ಬಂದ ‘ಡಬ್ಲ್ಯು 123’ ಮಾಡೆಲಿಗೆ ಜರ್ಮನಿಯಲ್ಲಿ ಎಂಥ ಸಾಲು ಇತ್ತೆಂದರೆ, ಕೈಗೆ ಸಿಕ್ಕಿದ ಕಾರನ್ನು ಕೊಂಡದ್ದಕ್ಕಿಂತ ಹೆಚ್ಚಿನ ಬೆಲೆಗೆ ಮಾರಿಕೊಳ್ಳುವವರಿದ್ದರು. ಸುಮಾರು 27 ಲಕ್ಷ ಕಾರುಗಳು ತಯಾರಾದವು. ಅದಕ್ಕೂ ಹಿಂದಿನ ತಲೆಮಾರಿನ ಒಂದು 240 ಡಿ ಡೀಸೆಲ್ ಕಾರನ್ನು ಗ್ರೀಸ್ ದೇಶದ ಟ್ಯಾಕ್ಸಿ ಚಾಲಕರೊಬ್ಬರು 46 ಲಕ್ಷ ಕಿಲೋಮೀಟರ್ ಓಡಿಸಿ 2004ರಲ್ಲಿ ಕಂಪನಿಯ ಮ್ಯೂಸಿಯಂಗೇ ಒಪ್ಪಿಸಿದರು.

ವಿನ್ಯಾಸದ ಚುಕ್ಕಾಣಿ 1975ರಿಂದ 1999ರ ತನಕ ಬ್ರೂನೊ ಸಾಕೊ ಕೈಯಲ್ಲಿತ್ತು. ಇಟಲಿಯಲ್ಲಿ ಹುಟ್ಟಿದ ಈ ಮನುಷ್ಯನ ಸೂತ್ರ ಎರಡು. ಒಂದು, ಚಿಕ್ಕ ಕಾರು ದೊಡ್ಡ ಕಾರು ಯಾವುದೇ ಇರಲಿ, ಒಂದೇ ಮನೆಯ ಮಕ್ಕಳೆಂದು ದೂರದಿಂದಲೇ ತಿಳಿಯಬೇಕು. ಎರಡು, ಹೊಸ ಮಾಡೆಲ್ ಬಂದಾಗ ರಸ್ತೆಯಲ್ಲಿರುವ ಹಳೆಯದು ಹಳತಾಗಿ ಕಾಣಬಾರದು. ಎರಡನೆಯದನ್ನು ಇಂದಿನ ಯಾವ ಷೋರೂಮಿನವರೂ ಒಪ್ಪಲಾರರು. ಹಳೆಯದು ಹಳತಾಗಿ ಕಾಣದಿದ್ದರೆ ಹೊಸದನ್ನು ಮಾರುವುದು ಹೇಗೆ?

ಈ ಕಾಲದ ಕೊನೆಯ ಫಲವೆಂದರೆ 1984ರಲ್ಲಿ ಬಂದ ಡಬ್ಲ್ಯು 124. ಅದರ ಸುತ್ತ ಒಂದು ಸುತ್ತು ಹಾಕಿದರೆ ಸಾಕು, ವಿನ್ಯಾಸ ಎಂಬ ಪದಕ್ಕೆ ಅಂದು ಏನು ಅರ್ಥವಿತ್ತೆಂದು ಗೊತ್ತಾಗುತ್ತದೆ. ಹಿಂದಿನ ದೀಪಗಳಲ್ಲಿ ಉಬ್ಬು-ತಗ್ಗಿನ ಗೆರೆಗಳಿವೆ. ಉಬ್ಬಿನ ಮೇಲೆ ಕೆಸರು ಕೂತರೂ ತಗ್ಗಿನೊಳಗಿನಿಂದ ಬೆಳಕು ಕಾಣಲಿ ಎಂದು ಹಾಗೆ. ಎಡಬಲದ ಕನ್ನಡಿಗಳ ಆಕಾರ ಒಂದೇ ಅಲ್ಲ. ಚಾಲಕನ ಕಣ್ಣಿಗೆ ಎರಡೂ ಒಂದೇ ದೂರದಲ್ಲಿಲ್ಲ, ಒಂದೇ ಆಕಾರ ಯಾಕಿರಬೇಕು? ಮುಂದಿನ ಗಾಜಿಗೆ ಒಂದೇ ವೈಪರ್. ಅದು ಬರೀ ಅರ್ಧಚಂದ್ರ ಬಿಡಿಸುವುದಿಲ್ಲ. ಬೀಸುತ್ತ ಬೀಸುತ್ತ ಮೂಲೆಗೆ ಬಂದಾಗ ಕೈ ನೀಡಿ, ನಡುವೆ ಬಂದಾಗ ಹಿಂದಕ್ಕೆಳೆದುಕೊಂಡು, ಗಾಜಿನ ಶೇಕಡಾ 86ರಷ್ಟನ್ನು ಒರೆಸುತ್ತದೆ. ಇಷ್ಟು ಚೌಕಾಕಾರದ ಕಾರು ಗಾಳಿಯನ್ನು ಸೀಳುವುದರಲ್ಲಿ ತನ್ನ ಕಾಲದ ಬಹುತೇಕ ಕಾರುಗಳನ್ನು ಹಿಂದೆ ಹಾಕಿತ್ತು. ಇದನ್ನು ಚಂದ ಎನ್ನಬೇಕೋ ಬೇಡವೋ ಎಂಬುದು ನೋಡುವವರಿಗೆ ಬಿಟ್ಟದ್ದು. ನನ್ನ ಕಣ್ಣಿಗಂತೂ ಅಲಂಕಾರಕ್ಕೆಂದು ಎಳೆದ ಗೆರೆ ಒಂದೂ ಸಿಕ್ಕಿಲ್ಲ.

ಬಿರುಕು ಕಾಣಿಸಿಕೊಂಡದ್ದು ಶಿಖರದಲ್ಲೇ. ಕಂಪನಿಯ ಅತಿ ದುಬಾರಿ ಸಾಲಿನ ದೊಡ್ಡ ಕಾರು, 1991ರ ಎಸ್-ಕ್ಲಾಸ್, ಡಬ್ಲ್ಯು 140, ಹಣದ ಲೆಕ್ಕವಿಡದೆ ಕಟ್ಟಿದ ಕಾರು. ಕಿಟಕಿಗೆ ಎರಡು ಪದರದ ಗಾಜು, ಮೆಲ್ಲನೆ ತಾಗಿಸಿದರೆ ತಾನೇ ಎಳೆದು ಮುಚ್ಚಿಕೊಳ್ಳುವ ಬಾಗಿಲು, ರಿವರ್ಸ್ ಗೇರ್ ಹಾಕಿದರೆ ಹಿಂದಿನ ಮೂಲೆಗಳಲ್ಲಿ ಮೇಲೇಳುವ ಪುಟ್ಟ ಕಡ್ಡಿಗಳು. ದೊಡ್ಡ ಎಂಜಿನ್ನಿನ ಮಾದರಿ ಎರಡು ಟನ್ ಮೀರಿ ತೂಗುತ್ತಿತ್ತು. ಜರ್ಮನಿಯ ಶ್ರೀಮಂತರು ರಜೆ ಕಳೆಯುವ ಸಿಲ್ಟ್ ದ್ವೀಪಕ್ಕೆ ಕಾರು ಸಾಗಿಸುವ ರೈಲಿಗೆ ಇದು ತೀರಾ ಅಗಲವಾಯಿತೆಂಬುದು ಅಲ್ಲಿನ ಪತ್ರಿಕೆಗಳಿಗೆ ನಗೆಯ ಸರಕಾಯಿತು. ಅಷ್ಟರಲ್ಲಿ ಆರ್ಥಿಕ ಹಿಂಜರಿತ ಬಂತು. ಇನ್ನೂ ದೊಡ್ಡ ಪೆಟ್ಟು ಜಪಾನಿನದು. ಟೊಯೊಟಾ 1989ರಲ್ಲಿ ಅಮೆರಿಕದಲ್ಲಿ ಲೆಕ್ಸಸ್ ಎಲ್‌ಎಸ್ 400 ಕಾರನ್ನು ಸುಮಾರು 35,000 ಡಾಲರಿಗೆ ಇಳಿಸಿತು. ಸದ್ದಿಲ್ಲ, ನಡುಕವಿಲ್ಲ, ಕೆಡುವುದೂ ಇಲ್ಲ. ಬೆಲೆ ಎಸ್-ಕ್ಲಾಸಿಗಿಂತ ಎಷ್ಟೋ ಕಡಿಮೆ. ಖರ್ಚಿಗೆ ತಕ್ಕ ಬೆಲೆ ಎಂಬ ಹಳೆಯ ಲೆಕ್ಕ ಇದರ ಮುಂದೆ ನಿಲ್ಲಲಿಲ್ಲ. 1993ರಲ್ಲಿ ಡೈಮ್ಲರ್-ಬೆಂಜ್ ಸಮೂಹ ಭಾರಿ ನಷ್ಟ ತೋರಿಸಿತು.

ಲೆಕ್ಕ ತಿರುಗಿತು. ಈ ದರ್ಜೆಯ ಕಾರಿಗೆ ಮಾರುಕಟ್ಟೆ ಎಷ್ಟು ಕೊಡುತ್ತದೆ ಎಂಬುದು ಮೊದಲು, ಅಷ್ಟರಲ್ಲಿ ಏನು ಮಾಡಬಹುದು ಎಂಬುದು ಆಮೇಲೆ. ಜಗತ್ತಿನ ಬೇರೆ ಕಂಪನಿಗಳು ಮಾಡುತ್ತಿದ್ದುದೂ ಇದನ್ನೇ. ಇದರಲ್ಲಿ ಪಾಪವೇನೂ ಇಲ್ಲ. ಪ್ರಶ್ನೆ ಇದ್ದದ್ದು ಎಲ್ಲಿ ಉಳಿಸಬೇಕು ಎಂಬುದರಲ್ಲಿ. ಷೋರೂಮಿನಲ್ಲಿ ಕೈಗೆ ತಾಗುವ ಕಡೆ ಉಳಿಸಿದರೆ ಗಿರಾಕಿ ಅಲ್ಲೇ ಎದ್ದು ಹೋಗುತ್ತಾನೆ. ಕಣ್ಣಿಗೆ ಬೀಳದ ಕಡೆ ಉಳಿಸಿದರೆ ಗೊತ್ತಾಗಲು ಏಳೆಂಟು ವರ್ಷ ಬೇಕು.

ಆ ಏಳೆಂಟು ವರ್ಷ ಕಳೆದಾಗ ಗ್ಯಾರೇಜುಗಳಲ್ಲಿ ಕಂಡದ್ದು ಇದು. ಮೊದಲನೆಯದು ವೈರಿಂಗ್. 1990ರ ದಶಕದ ಮೊದಲರ್ಧದ ಹಲವು ಎಂಜಿನ್ನುಗಳಲ್ಲಿ ತಂತಿಯ ಹೊದಿಕೆಗೆ ಬಳಸಿದ ವಸ್ತು ಎಂಜಿನ್ನಿನ ಕಾವಿಗೆ ಒಣಗಿ, ಮುಟ್ಟಿದರೆ ಹಪ್ಪಳದಂತೆ ಉದುರುತ್ತಿತ್ತು. ತಂತಿಗೆ ತಂತಿ ತಾಗಿ ಎಂಜಿನ್ ಎಡವುತ್ತಿತ್ತು. ಹಳೆಯ ಬೆಂಜಿನ ಭಕ್ತರು ಮರೆಯಲು ಬಯಸುವ ಸಂಗತಿ ಎಂದರೆ, ಅವರ ಆರಾಧ್ಯ ಡಬ್ಲ್ಯು 124ರ ಕೊನೆಯ ವರ್ಷಗಳ ಕಾರುಗಳೂ ಈ ರೋಗದಿಂದ ತಪ್ಪಿಸಿಕೊಂಡಿಲ್ಲ.

ಎರಡನೆಯದು ತುಕ್ಕು. ಡಬ್ಲ್ಯು 124ರ ಜಾಗಕ್ಕೆ 1995ರಲ್ಲಿ ಬಂದ ಇ-ಕ್ಲಾಸ್, ಡಬ್ಲ್ಯು 210, ನಾಲ್ಕು ದುಂಡು ಕಣ್ಣುಗಳ ಮುಖದಿಂದ ಎಲ್ಲರ ಗಮನ ಸೆಳೆಯಿತು. ಒಳಗೆ ಮರದ ಹೊಳಪು, ಹೊಸ ಹೊಸ ಸೌಲಭ್ಯ. ಆದರೆ ಬಾಗಿಲಿನ ಅಂಚು, ಮುಂದಿನ ಚಕ್ರದ ಮೇಲಿನ ತಗಡು, ಡಿಕ್ಕಿಯ ಬೀಗದ ಸುತ್ತ ಬಣ್ಣ ಗುಳ್ಳೆಯೆದ್ದಿತು. ಎದ್ದು ಕಾಣುವ ಈ ತುಕ್ಕಿಗಿಂತ ಕಾಣದ ತುಕ್ಕು ಅಪಾಯಕಾರಿ. ಮುಂದಿನ ಸ್ಪ್ರಿಂಗಿನ ಮೇಲ್ತುದಿ ಕೂರುವ ಕಬ್ಬಿಣದ ಬಟ್ಟಲೊಂದನ್ನು ಚಕ್ರದ ಗೂಡಿನೊಳಗೆ ಬೆಸುಗೆ ಹಾಕಿರುತ್ತಾರೆ. ಮೇಲೆ ಬಳಿದ ರಕ್ಷಣಾ ಲೇಪದಡಿ ನೀರು ಹೊಕ್ಕು ಆ ಬೆಸುಗೆಯೇ ಕರಗುತ್ತಿತ್ತು. ಒಂದು ದಿನ ಬಟ್ಟಲು ಕಿತ್ತು, ಕಾರು ಒಂದು ಪಕ್ಕಕ್ಕೆ ಕುಸಿಯುತ್ತಿತ್ತು. ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೆ ಉಪ್ಪು ಎರಚುವ ದೇಶಗಳಲ್ಲಿ ಇದು ಹೆಚ್ಚು. ಕಡಲ ಗಾಳಿಗೆ ಕಿಟಕಿಯ ಸರಳು ಏನಾಗುತ್ತದೆಂದು ಬಲ್ಲ ನಮ್ಮ ಕರಾವಳಿಯವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಕುತೂಹಲದ್ದು: ಗೇರ್ ಆಯಿಲ್. 90ರ ದಶಕದ ಮಧ್ಯದಲ್ಲಿ ಬಂದ ಐದು ಗೇರಿನ ಆಟೊಮ್ಯಾಟಿಕ್ ಪೆಟ್ಟಿಗೆಗೆ ಹಾಕಿದ ಆಯಿಲ್ ಜೀವನಪರ್ಯಂತ ಸಾಕು, ಬದಲಿಸುವ ಅಗತ್ಯವಿಲ್ಲ ಎಂದರು. ಆಯಿಲ್ ಹಾಕುವ ಕೊಳವೆ ಇದೆ, ಮಟ್ಟ ನೋಡುವ ಕಡ್ಡಿಯೇ ಇಲ್ಲ. ಯಾರ ಜೀವನ ಎಂದು ಅಲ್ಲಿ ಬರೆದಿರಲಿಲ್ಲ. ಕೆಲವು ವರ್ಷಗಳ ಬಳಿಕ ಕಂಪನಿಯೇ ಆಯಿಲ್ ಬದಲಿಸಲು ಸೂಚಿಸಿತು. ಆ ಗೇರ್ ಪೆಟ್ಟಿಗೆ ಮೂಲತಃ ಅತ್ಯುತ್ತಮವಾದದ್ದು. ಆಯಿಲ್ ಬದಲಿಸಿಕೊಂಡು ಬಂದವರಿಗೆ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದೆ. ಕೆಡಿಸಿದ್ದು ಎಂಜಿನಿಯರಿಂಗ್ ಅಲ್ಲ, ಕಿರುಪುಸ್ತಕದ ಒಂದು ಸಾಲು.

ಇದೇ 1995ರಲ್ಲಿ ಪುಣೆಯಲ್ಲಿ ಟಾಟಾ ಜತೆಗೂಡಿ ಭಾರತದ ಮೊದಲ ಬೆಂಜ್ ಕಾರು ತಯಾರಾಯಿತು. ಯುರೋಪಿಗೆ ಡಬ್ಲ್ಯು 210 ಬಂದ ವರ್ಷ ನಮಗೆ ಸಿಕ್ಕಿದ್ದು ಡಬ್ಲ್ಯು 124. ಅವರು ಕಳಚಿಟ್ಟದ್ದು ನಮಗೆ ಎಂದು ಮೂಗು ಮುರಿಯಲು ಅವಕಾಶವಿತ್ತು. ಮೂವತ್ತು ವರ್ಷದ ನಂತರ ನೋಡಿದರೆ, ಕಳಚಿಟ್ಟದ್ದೇ ವಾಸಿಯಾಗಿತ್ತು.

ಅವಸರಕ್ಕೆ ಇನ್ನೊಂದು ಸಾಕ್ಷಿ 1997ರ ಅಕ್ಟೋಬರಿನದು. ಬೆಂಜ್ ತನ್ನ ಮೊದಲ ಪುಟ್ಟ ಕಾರು ಎ-ಕ್ಲಾಸನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಡಿಕ್ಕಿಯಾದರೆ ಎಂಜಿನ್ ಒಳನುಗ್ಗದೆ ಕಾಲಡಿಗೆ ಜಾರುವಂತೆ ಎರಡು ಪದರದ ನೆಲ ಕಟ್ಟಿದ್ದು ನಿಜಕ್ಕೂ ಜಾಣ ವಿನ್ಯಾಸ. ಆದರೆ ಸ್ವೀಡನ್ನಿನ ‘ಟೆಕ್ನಿಕೆನ್ಸ್ ವಾರ್ಲ್ಡ್’ ಪತ್ರಿಕೆಯವರು, ಎದುರಿಗೆ ದೊಡ್ಡ ಕಾಡುಪ್ರಾಣಿ ಬಂದಾಗ ಸರ್ರನೆ ಪಕ್ಕಕ್ಕೆ ತಿರುಗಿಸುವ ತಮ್ಮ ಮಾಮೂಲಿ ಪರೀಕ್ಷೆ ಮಾಡಿದಾಗ ಕಾರು ಮಗುಚಿಬಿತ್ತು. ಸುಮಾರು ಮೂರು ತಿಂಗಳು ವಿತರಣೆ ನಿಲ್ಲಿಸಿ, ಸಸ್ಪೆನ್ಷನ್ ಬಿಗಿಗೊಳಿಸಿ, ಅದುವರೆಗೆ ದುಬಾರಿ ಕಾರುಗಳಲ್ಲಷ್ಟೇ ಇದ್ದ ಇಎಸ್‌ಪಿ ವ್ಯವಸ್ಥೆಯನ್ನು ಪ್ರತಿ ಎ-ಕ್ಲಾಸಿಗೂ ಅಳವಡಿಸಿದರು. ಜಾರುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುವ ಆ ವ್ಯವಸ್ಥೆ ಸಣ್ಣ ಕಾರುಗಳಿಗೆ ಹರಡಲು ಈ ಮುಖಭಂಗ ದೊಡ್ಡ ಕಾರಣ. ಒಬ್ಬರ ತಪ್ಪಿನಿಂದ ಊರಿಗೇ ಉಪಕಾರವಾದದ್ದು ಹೀಗೆ.

1998ರಲ್ಲಿ ಅಮೆರಿಕದ ಕ್ರೈಸ್ಲರ್ ಜತೆ ಮದುವೆ, 2007ರಲ್ಲಿ ವಿಚ್ಛೇದನ. ಗುಣಮಟ್ಟ ಇಳಿದದ್ದಕ್ಕೆಲ್ಲ ಈ ಸಂಬಂಧವೇ ಹೊಣೆ ಎಂಬ ಮಾತು ಜನಪ್ರಿಯ. ಆದರೆ ವರ್ಷಗಳನ್ನು ಜೋಡಿಸಿ ನೋಡಿದರೆ, ಉದುರುವ ತಂತಿ ಮತ್ತು ತುಕ್ಕಿನ ಡಬ್ಲ್ಯು 210 ಎರಡೂ ಮದುವೆಗೆ ಮೊದಲಿನವು.

2000ದ ನಂತರ ತುಕ್ಕಿನ ಜಾಗಕ್ಕೆ ಎಲೆಕ್ಟ್ರಾನಿಕ್ಸ್ ಬಂತು. 2002ರ ಇ-ಕ್ಲಾಸಿನ ಬ್ರೇಕಿನಲ್ಲಿ ಪೆಡಲು ತುಳಿದರೆ ಕಂಪ್ಯೂಟರಿಗೆ ಸಂದೇಶ ಹೋಗಿ, ವಿದ್ಯುತ್ ಪಂಪು ಪ್ರತಿ ಚಕ್ರಕ್ಕೂ ಬೇಕಾದಷ್ಟೇ ಒತ್ತಡ ಕಳಿಸುತ್ತಿತ್ತು. ಮಳೆಯಲ್ಲಿ ಬ್ರೇಕ್ ಡಿಸ್ಕನ್ನು ತಾನೇ ಒರೆಸಿಕೊಳ್ಳುವಷ್ಟು ಬುದ್ಧಿವಂತ. ಆದರೆ ಅದು ಕೈಕೊಟ್ಟರೆ ಉಳಿಯುತ್ತಿದ್ದುದು ಮುಂದಿನ ಚಕ್ರಗಳ ಮಂದ ಬ್ರೇಕ್ ಮಾತ್ರ. 2004ರಲ್ಲಿ 6.8 ಲಕ್ಷ ಕಾರುಗಳನ್ನು ಇದಕ್ಕಾಗಿ ವಾಪಸ್ ಕರೆದರು. ಮರುವರ್ಷ ಬ್ರೇಕ್, ಬ್ಯಾಟರಿ, ಆಲ್ಟರ್ನೇಟರ್ ದೋಷಗಳೆಲ್ಲ ಸೇರಿ 13 ಲಕ್ಷ. 2006ರಲ್ಲಿ ಇ-ಕ್ಲಾಸ್ ಸದ್ದಿಲ್ಲದೆ ಮಾಮೂಲಿ ಬ್ರೇಕಿಗೆ ಮರಳಿತು.

ಆಮೇಲೆ ಚೇತರಿಕೆ ಆಗಿಲ್ಲವೆಂದರೆ ಅನ್ಯಾಯ. ತುಕ್ಕಿನ ದೂರು ಬಹುಮಟ್ಟಿಗೆ ನಿಂತಿತು, 2013ರ ಎಸ್-ಕ್ಲಾಸ್ ಮತ್ತೆ ತನ್ನ ದರ್ಜೆಯ ಅಳತೆಗೋಲಾಯಿತು. ಹಾಗಿದ್ದೂ 2022ರಲ್ಲಿ 2004ರಿಂದ 2015ರ ನಡುವಿನ ಎಂಎಲ್, ಜಿಎಲ್, ಆರ್-ಕ್ಲಾಸ್ ವಾಹನಗಳನ್ನು ಸುಮಾರು ಹತ್ತು ಲಕ್ಷದಷ್ಟು ವಾಪಸ್ ಕರೆದರು. ಕಾರಣ: ಕಾಲಿನ ಒತ್ತಡವನ್ನು ಹೆಚ್ಚಿಸಿ ಕೊಡುವ ಬ್ರೇಕ್ ಬೂಸ್ಟರಿನ ಮೇಲಿನ ರಬ್ಬರ್ ಕವಚದಡಿ ಸೇರಿದ ತೇವ, ಕಣ್ಣಿಗೆ ಬೀಳದ ಜಾಗದಲ್ಲಿ ತುಕ್ಕು.

ವಿನ್ಯಾಸದ ಕತೆ ಬೇರೆಯೇ ದಾರಿ ಹಿಡಿಯಿತು. 2008ರಿಂದ ಗೋರ್ಡನ್ ವಾಗನರ್ ನೇತೃತ್ವದಲ್ಲಿ ಗೆರೆಗಳು ಕರಗಿ ಮೈ ನಯವಾಯಿತು. 2021ರ ಇಕ್ಯೂಎಸ್ ವಿದ್ಯುತ್ ಕಾರು ಗಾಳಿಯ ತಡೆಯಲ್ಲಿ (ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು) 0.20ರ ದಾಖಲೆ ಮಟ್ಟ ತಲುಪಿತು, ಜತೆಗೆ ಬಳಸಿದ ಸಾಬೂನಿನ ಆಕಾರವನ್ನೂ. ಒಳಗೆ ಎಡದಿಂದ ಬಲಕ್ಕೆ 141 ಸೆಂಟಿಮೀಟರ್ ಗಾಜಿನ ಹೊದಿಕೆಯಡಿ ಪರದೆಗಳು. ಸ್ಟೀರಿಂಗ್ ಮೇಲಿನ ಗುಂಡಿಗಳು ಸವರಿದರೆ ಕೆಲಸ ಮಾಡುವ ಪಟ್ಟಿಗಳಾದವು. ತಿರುವಿನಲ್ಲಿ ಅಂಗೈ ತಾಗಿದರೆ ಹಾಡಿನ ಸದ್ದು ಏರುವುದೂ ಉಂಟು. ಕನ್ನಡಿ ಎರಡೂ ಒಂದೇ ಆಕಾರವಿರಬೇಕೇ ಎಂದು ಕೇಳಿದ್ದ ಮನೆಯಲ್ಲಿ ಇದನ್ನು ಯಾರೂ ಕೇಳಲಿಲ್ಲವೇ ಎನಿಸುತ್ತದೆ. 2025ರಲ್ಲಿ ಹೊಸ ಮಾಡೆಲುಗಳ ಸ್ಟೀರಿಂಗಿಗೆ ಸದ್ದು ಹೆಚ್ಚು-ಕಡಿಮೆ ಮಾಡಲು ಬೆರಳಿನಿಂದ ಉರುಳಿಸುವ ಗಾಲಿ ಮರಳಿತು.

ಪರದೆಯ ಹಿಂದಿನ ಕೆಲಸದಲ್ಲಿ ನಮ್ಮವರ ಕೈಯೂ ಇದೆ. 1996ರಲ್ಲಿ ಶುರುವಾದ ಬೆಂಗಳೂರಿನ ಸಂಶೋಧನಾ ಕೇಂದ್ರ ಇಂದು ಜರ್ಮನಿಯ ಹೊರಗೆ ಕಂಪನಿಗಿರುವ ಅತಿ ದೊಡ್ಡ ಕೇಂದ್ರ. ಕಾರಿನ ಗುಣಮಟ್ಟದ ಒಂದು ದೊಡ್ಡ ಪಾಲು ಈಗ ಇಂಥ ಕಚೇರಿಗಳಲ್ಲಿ, ಕೋಡಿನ ರೂಪದಲ್ಲಿ ತಯಾರಾಗುತ್ತದೆ. ದೋಷವಿದ್ದರೆ ರಾತ್ರಿ ಮನೆಮುಂದೆ ನಿಂತಲ್ಲೇ ಅಪ್‌ಡೇಟ್ ಆಗಿ ಸರಿಹೋಗಬಹುದು. ಹತ್ತು ಹದಿನೈದು ವರ್ಷ ಹಳೆಯದಾದ ಕಾರಿಗೆ ಆ ಅಪ್‌ಡೇಟ್ ಬರುತ್ತಿರುತ್ತದೆಯೇ ಎಂಬುದಕ್ಕೆ ಇನ್ನೂ ಅಷ್ಟು ವಯಸ್ಸಾದ ಉದಾಹರಣೆಗಳಿಲ್ಲ. ಸದ್ಯಕ್ಕೆ, ಸೆಕೆಂಡ್‌ಹ್ಯಾಂಡ್ ಡಬ್ಲ್ಯು 210 ಕೊಳ್ಳಲು ಹೋಗುವ ಅನುಭವಿ, ಮೀಟರನ್ನೂ ನೋಡುವುದಿಲ್ಲ, ಮರದ ಹೊಳಪನ್ನೂ ನೋಡುವುದಿಲ್ಲ. ಮುಂದಿನ ಚಕ್ರದ ಬಳಿ ಮಂಡಿಯೂರಿ ಗೂಡಿನೊಳಕ್ಕೆ ಟಾರ್ಚು ಬಿಡುತ್ತಾನೆ.