ಬ್ಲೋ-ಬೈ: ನೀಲಿ ಹೊಗೆಗೆ ಟರ್ಬೊ ಒಂದನ್ನೇ ದೂರಬೇಡಿ

ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಕಾರಿಗೆ ರೀಮ್ಯಾಪ್ ಆಗಿದೆ, ಅಂದರೆ ಶಕ್ತಿ ಏರಿಸಲು ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿದ್ದಾರೆ. ಟರ್ಬೊದಿಂದ ಹೊಗೆ ಹೊರಹೋಗುವ ಡೌನ್‌ಪೈಪ್ ಬದಲಾಗಿದೆ, ಏರ್ ಫಿಲ್ಟರ್ ಕೂಡ ಹೊಸದು. ಒಂದಷ್ಟು ತಿಂಗಳು ಚೆನ್ನಾಗಿ ಓಡುತ್ತದೆ. ಆಮೇಲೆ ಸಿಗ್ನಲ್‌ನಲ್ಲಿ ನಿಂತಾಗ ಸೈಲೆನ್ಸರ್‌ನಿಂದ ನೀಲಿ ಹೊಗೆ ಏಳತೊಡಗುತ್ತದೆ. ಗ್ಯಾರೇಜಿನಲ್ಲಿ ಸಿಗುವ ಉತ್ತರ ಬಹುಪಾಲು ಒಂದೇ: "ಟರ್ಬೊ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು." ದುಡ್ಡು ಸುರಿದು ಹೊಸ ಟರ್ಬೊ ಹಾಕಿಸಿದ ಮೇಲೂ ಕೆಲವು ಕಾರುಗಳಲ್ಲಿ ಹೊಗೆ ನಿಲ್ಲುವುದಿಲ್ಲ. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಸುಡುತ್ತಿದೆ ಅಂತ. ಟರ್ಬೊ ಆಯಿಲ್ ಬಿಡುವಂತೆ ಮಾಡಿದ ಕಾರಣ ಇಂಜಿನ್ ಒಳಗೇ ಉಳಿದಿರುತ್ತದೆ. ಆ ಕಾರಣ ಬಹಳ ಸಲ ಬ್ಲೋ-ಬೈ.

ಹಾಗಂದರೆ ಏನು? ಸಿಲಿಂಡರ್ ಒಳಗೆ ಇಂಧನ ಉರಿದಾಗ ಹುಟ್ಟುವ ಗ್ಯಾಸ್ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಈ ಗ್ಯಾಸ್ ಪಕ್ಕದಿಂದ ಜಾರಿ ಹೋಗದಂತೆ ತಡೆಯುವುದು ಪಿಸ್ಟನ್ ರಿಂಗ್‌ಗಳ ಕೆಲಸ. ಆದರೆ ರಿಂಗ್ ಪೂರ್ತಿ ಮುಚ್ಚಿದ ಬಳೆಯಲ್ಲ. ಬಿಸಿಗೆ ಹಿಗ್ಗಲು ಅದರ ತುದಿಗಳ ನಡುವೆ ಸಣ್ಣ ಸಂದು ಬಿಟ್ಟಿರುತ್ತಾರೆ. ಅಲ್ಲಿಂದ, ಮತ್ತೆ ರಿಂಗ್ ಅಂಚಿನಿಂದ, ಸ್ವಲ್ಪ ಗ್ಯಾಸ್ ನುಸುಳಿ ಕ್ರ್ಯಾಂಕ್‌ಕೇಸ್‌ಗೆ, ಅಂದರೆ ಇಂಜಿನ್ನಿನ ಕೆಳಭಾಗದ ಪೆಟ್ಟಿಗೆಗೆ ಇಳಿಯುತ್ತದೆ. ಹೀಗೆ ನುಸುಳುವುದೇ ಬ್ಲೋ-ಬೈ. ಶೋರೂಮಿನಿಂದ ಈಗ ತಾನೇ ಬಂದ ಕಾರಿನಲ್ಲೂ ಇದು ಇರುತ್ತದೆ. ಎಷ್ಟು ನುಸುಳುತ್ತಿದೆ, ನುಸುಳಿದ್ದು ಸರಾಗವಾಗಿ ಹೊರಗೆ ಹೋಗುತ್ತಿದೆಯಾ ಅನ್ನುವುದನ್ನು ನೋಡಬೇಕು, ಅಷ್ಟೇ.

ಪೋಲೊ ಕಾರಿನಲ್ಲಿ ಬಂದ 1.0 ಟಿಎಸ್‌ಐ ಇಂಜಿನ್ ತೆಗೆದುಕೊಳ್ಳಿ. ಒಂದೇ ಲೀಟರ್, ಮೂರೇ ಸಿಲಿಂಡರ್, ಕಂಪನಿ ಕೊಟ್ಟಿದ್ದೇ 110 ಪಿಎಸ್ ಶಕ್ತಿ. ಇಷ್ಟು ಚಿಕ್ಕ ಇಂಜಿನ್‌ನಿಂದ ಅಷ್ಟು ಶಕ್ತಿ ಬರಬೇಕಾದರೆ ಸಿಲಿಂಡರ್ ಒಳಗಿನ ಒತ್ತಡ ಮೊದಲೇ ಜಾಸ್ತಿ ಇರಬೇಕು, ಅಲ್ವಾ? ಅದರ ಮೇಲೆ ರೀಮ್ಯಾಪ್ ಮಾಡಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸಿದರೆ ಒತ್ತಡ ಇನ್ನೂ ಏರುತ್ತದೆ, ಬ್ಲೋ-ಬೈ ಕೂಡ ಜೊತೆಗೇ ಏರುತ್ತದೆ. ಯಾವುದೇ ಸಣ್ಣ ಟರ್ಬೊ ಇಂಜಿನ್ನಿಗೂ ಇದೇ ಲೆಕ್ಕ.

ಕ್ರ್ಯಾಂಕ್‌ಕೇಸ್‌ಗೆ ಇಳಿದ ಗ್ಯಾಸ್ ಹೊರಗೆ ಹೋಗಲು ಇರುವ ವ್ಯವಸ್ಥೆಯನ್ನು ಪಿಸಿವಿ ಅನ್ನುತ್ತಾರೆ. ಪೆಟ್ರೋಲ್ ಟರ್ಬೊದಲ್ಲಿ ಇದಕ್ಕೆ ಸಾಮಾನ್ಯವಾಗಿ ಎರಡು ದಾರಿ. ಐಡಲ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒಳಗೆ ವ್ಯಾಕ್ಯೂಮ್ ಇರುವುದರಿಂದ ಗ್ಯಾಸನ್ನು ಅದೇ ಎಳೆದುಕೊಳ್ಳುತ್ತದೆ. ಬೂಸ್ಟ್ ಬಂದಾಗ ಅಲ್ಲಿ ಒತ್ತಡ ತುಂಬುತ್ತದೆ. ಆಗ ಒಂದು ಚೆಕ್ ವಾಲ್ವ್ ಆ ದಾರಿ ಮುಚ್ಚಿ, ಗ್ಯಾಸ್ ಟರ್ಬೊಗೆ ಗಾಳಿ ಒಳಬರುವ ಪೈಪಿಗೆ ಹೋಗುವಂತೆ ಮಾಡುತ್ತದೆ. ಈ ವಾಲ್ವ್ ಕೆಟ್ಟರೆ ಬೂಸ್ಟ್ ಗಾಳಿಯೇ ತಿರುಗಿ ಕ್ರ್ಯಾಂಕ್‌ಕೇಸ್‌ಗೆ ನುಗ್ಗುತ್ತದೆ. ಚಿಕ್ಕ ಪ್ಲಾಸ್ಟಿಕ್ ಸಾಮಾನು, ಆದರೆ ಅದು ಮಾಡುವ ಹಾನಿ ದೊಡ್ಡದು.

ಇನ್ನು ಟರ್ಬೊ ಕಡೆ ಬರೋಣ. ಅದರ ಶಾಫ್ಟ್ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಸಣ್ಣ ಟರ್ಬೊಗಳು 2 ಲಕ್ಷವನ್ನೂ ದಾಟುತ್ತವೆ. ಶಾಫ್ಟನ್ನು ಹಿಡಿದಿರುವುದು ಇಂಜಿನ್ ಆಯಿಲ್‌ನ ತೆಳುವಾದ ಪದರ. ಆಯಿಲ್ ಪಂಪಿನ ಒತ್ತಡದಲ್ಲಿ ಮೇಲಿನಿಂದ ಬರುತ್ತದೆ, ಆದರೆ ಹೋಗುವಾಗ ಯಾವ ಪಂಪೂ ಇಲ್ಲ. ಕೆಳಗಿನ ದಪ್ಪ ಡ್ರೈನ್ ಪೈಪಿನಲ್ಲಿ ತನ್ನ ಭಾರಕ್ಕೆ ತಾನೇ ಸಂಪ್‌ಗೆ (ಇಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿಯಬೇಕು. ಟರ್ಬೊದ ಎರಡು ತುದಿಯ ಸೀಲ್‌ಗಳು ರಬ್ಬರ್‌ನವಲ್ಲ, ಪಿಸ್ಟನ್ ರಿಂಗ್ ಥರದ ಲೋಹದ ಉಂಗುರಗಳು. ನಿಂತ ಆಯಿಲನ್ನು ತಡೆದು ನಿಲ್ಲಿಸುವ ಶಕ್ತಿ ಅವಕ್ಕಿಲ್ಲ. ಆಯಿಲ್ ಬೇಗ ಇಳಿದು ಹೋದರೆ ಮಾತ್ರ ಅವು ಸರಿಯಾಗಿ ಕೆಲಸ ಮಾಡುತ್ತವೆ. ಈಗ ಕ್ರ್ಯಾಂಕ್‌ಕೇಸ್‌ನಲ್ಲಿ ಒತ್ತಡ ಕಟ್ಟಿಕೊಂಡಿದೆ ಅಂದುಕೊಳ್ಳಿ. ಅದು ಡ್ರೈನ್ ಪೈಪಿನಲ್ಲಿ ಮೇಲ್ಮುಖವಾಗಿ ಒತ್ತುತ್ತದೆ. ಬಚ್ಚಲ ತೂತು ಕಟ್ಟಿಕೊಂಡಾಗ ನೀರು ಹೊಸ್ತಿಲು ದಾಟಿ ಒಳಗೆ ಬರುವ ಹಾಗೆ, ಆಯಿಲ್ ಸೀಲ್ ದಾಟಿ ಎಕ್ಸಾಸ್ಟ್‌ಗೆ ಬಂದು ಸುಡುತ್ತದೆ. ಹೊಗೆ ಬರುವುದು ಟರ್ಬೊದಿಂದಲೇ ನಿಜ, ಆದರೆ ಟರ್ಬೊದಲ್ಲಿ ದೋಷ ಇಲ್ಲ. ಹೊಸದು ಹಾಕಿದರೂ ಅದೂ ಹೀಗೇ ಮಾಡುತ್ತದೆ.

ಹಾಗಾಗಿ ಹೊಗೆಯ ಬಣ್ಣಕ್ಕಿಂತ ಅದು ಬರುವ ಹೊತ್ತನ್ನು ಗಮನಿಸುವುದು ಮುಖ್ಯ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಬುಸ್ಸೆಂದು ನೀಲಿ ಹೊಗೆ ಬಂದು ನಿಂತರೆ ಮೊದಲ ಅನುಮಾನ ವಾಲ್ವ್ ಸೀಲ್ (ವಾಲ್ವ್ ಪಕ್ಕದಿಂದ ಆಯಿಲ್ ಸಿಲಿಂಡರ್‌ಗೆ ಇಳಿಯದಂತೆ ತಡೆಯುವ ಸೀಲ್) ಮೇಲೆ. ಚಾರ್ಮಾಡಿ ಥರದ ಘಾಟಿಯಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿದು, ಕೆಳಗೆ ಬಂದು ಮತ್ತೆ ಒತ್ತಿದಾಗ ಹೊಗೆ ಬಂದರೂ ಪೆಟ್ರೋಲ್ ಕಾರಿನಲ್ಲಿ ವಾಲ್ವ್ ಸೀಲ್, ಗೈಡ್‌ಗಳನ್ನೇ ನೋಡಬೇಕು. ಇಳಿಯುವಾಗ ಥ್ರಾಟಲ್ ಮುಚ್ಚಿರುತ್ತದೆ, ವ್ಯಾಕ್ಯೂಮ್ ಜೋರಾಗಿ ಆಯಿಲನ್ನು ಎಳೆದಿರುತ್ತದೆ. ಇಂಜಿನ್ ಬಿಸಿಯಾಗಿ, ಲೋಡ್ ಬಿದ್ದಾಗ ಹೊಗೆ ಜಾಸ್ತಿಯಾದರೆ ರಿಂಗ್ ಕಡೆ ತಿರುಗಿ. ಐದು ನಿಮಿಷ ಐಡಲ್‌ನಲ್ಲಿ ನಿಂತ ಮೇಲೆ ಹೊಗೆ ಶುರುವಾಗಿ, ರಸ್ತೆಗೆ ಬಿದ್ದ ಮೇಲೆ ತಿಳಿಯಾದರೆ ಟರ್ಬೊ ಸೀಲ್, ಡ್ರೈನ್ ಪೈಪ್ ಎರಡನ್ನೂ ನೋಡಿ. ಐಡಲ್‌ನಲ್ಲಿ ಹೊಗೆಯ ಜೊತೆ ಶಿಳ್ಳೆಯಂಥ ಸದ್ದೂ ಇದ್ದರೆ ಪಿಸಿವಿ ಒಳಗಿನ ಡಯಾಫ್ರಮ್ ಹರಿದಿರಬಹುದು.

ಬಿಳಿ, ಕಪ್ಪು ಹೊಗೆ ಬೇರೆ ಕಥೆ. ತಣ್ಣನೆ ಬೆಳಿಗ್ಗೆ ಕಾಣುವ ಬಿಳಿ ಹೊಗೆ ಬರೀ ನೀರಾವಿ. ಇಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಬಂದು, ಕೂಲಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ನೋಡಿಸಿ, ಆ ಕಾರು ಓಡಿಸಬೇಡಿ. ಕಪ್ಪು ಹೊಗೆ ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಜಾಸ್ತಿ. ರೀಮ್ಯಾಪ್ ಮಾಡಿದ ಡೀಸೆಲ್ ಕಾರುಗಳಲ್ಲಿ ಇದನ್ನು ಶಕ್ತಿಯ ಗುರುತು ಅಂತ ತೋರಿಸುವವರಿದ್ದಾರೆ. ಅದು ಪೂರ್ತಿ ಉರಿಯದೆ ಹೋದ ಡೀಸೆಲ್, ಹಿಂದೆ ಬರುವ ಬೈಕ್ ಸವಾರನ ಎದೆಗೆ ಹೋಗುವ ಮಸಿ. ಟ್ಯೂನ್ ಬದಲಾಗದೆ ಇದ್ದಕ್ಕಿದ್ದಂತೆ ಕಪ್ಪು ಹೊಗೆ ಬಂದು ಶಕ್ತಿಯೂ ಕುಸಿದರೆ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ) ಹೋಸ್ ಕ್ಲ್ಯಾಂಪ್ ಬಿಟ್ಟುಕೊಂಡಿದೆಯಾ ನೋಡಿ.

ಮಾಡಿಫಿಕೇಶನ್‌ನಿಂದಲೇ ಹುಟ್ಟುವ ಗೊಂದಲಗಳೂ ಇವೆ. ಎಕ್ಸಾಸ್ಟ್ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಸ್ವಲ್ಪ ಮಟ್ಟಿನ ಆಯಿಲ್ ಆವಿಯನ್ನು ಸುಟ್ಟು ಮುಗಿಸುತ್ತದೆ. ಕ್ಯಾಟ್ ಇಲ್ಲದ ಡೌನ್‌ಪೈಪ್ ಹಾಕಿದ ಮಾರನೇ ದಿನ ಹೊಗೆ ಕಂಡರೆ ಇಂಜಿನ್ ಅಂದೇ ಕೆಟ್ಟಿತು ಅಂತಲ್ಲ. ಮೊದಲಿಂದ ಇದ್ದದ್ದು ಈಗ ಕಾಣುತ್ತಿದೆ. (ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗೆ ಅವಕಾಶ ಕೊಡುವುದಿಲ್ಲ, ಎಮಿಷನ್ ಟೆಸ್ಟ್‌ನಲ್ಲೂ ತೊಂದರೆ ಆಗಬಹುದು. ಕ್ಯಾಟ್ ಉಳಿಸಿಕೊಳ್ಳುವುದೇ ಸರಿ.) ಕ್ಯಾಚ್ ಕ್ಯಾನ್ ಒಳ್ಳೆಯ ಸಾಮಾನೇ, ಗ್ಯಾಸ್ ಜೊತೆ ಬರುವ ಆಯಿಲನ್ನು ಹಿಡಿದಿಡುತ್ತದೆ. ಆದರೆ ಸಣ್ಣ ಹೋಸ್ ಹಾಕಿದರೆ, ಅಥವಾ ಹೋಸ್ ಎಲ್ಲೋ ಮಡಚಿಕೊಂಡರೆ ಅದೇ ದಾರಿಗೆ ಅಡ್ಡ ನಿಲ್ಲುತ್ತದೆ. ದೊಡ್ಡ ಟರ್ಬೊ ಕೂರಿಸುವಾಗ ಡ್ರೈನ್ ಪೈಪ್ ಬಾಗಿಸಿ ಒಪ್ಪ ಮಾಡುವುದು, ಗ್ಯಾಸ್ಕೆಟ್ ಜಾಗಕ್ಕೆ ಸಿಲಿಕಾನ್ ಮೆತ್ತಿ ರಂಧ್ರವನ್ನೇ ಕಿರಿದು ಮಾಡುವುದು, ಪೈಪನ್ನು ಸಂಪ್‌ನ ಆಯಿಲ್ ಮಟ್ಟಕ್ಕಿಂತ ಕೆಳಗೆ ಜೋಡಿಸುವುದು, ಈ ಮೂರೂ ನೀಲಿ ಹೊಗೆಗೆ ನೇರ ಆಹ್ವಾನ.

ಪರೀಕ್ಷೆಯನ್ನು ಅಗ್ಗದ ಕಡೆಯಿಂದ ಶುರು ಮಾಡಿ. ಮೊದಲು ಪಿಸಿವಿ ವಾಲ್ವ್, ಹೋಸ್, ಕ್ಯಾಚ್ ಕ್ಯಾನ್, ಡ್ರೈನ್ ಪೈಪ್. ಇಂಜಿನ್ ಐಡಲ್‌ನಲ್ಲಿದ್ದಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಗ್ಯಾಸ್ ಜೋರಾಗಿ ಬಡಿದು ಬರಬಾರದು. ಮುಚ್ಚಳ ತೆಗೆದ ಕೂಡಲೇ ಇಂಜಿನ್ ಸ್ವಲ್ಪ ತಡಬಡಿಸಿದರೆ ಗಾಬರಿ ಬೇಡ, ಈಗಿನ ಹಲವು ಇಂಜಿನ್‌ಗಳು ಹಾಗೇ ಮಾಡುತ್ತವೆ. ಡಿಪ್‌ಸ್ಟಿಕ್ ತಾನಾಗಿ ಮೇಲೆದ್ದು ಬರುತ್ತಿದ್ದರೆ ಮಾತ್ರ ಒತ್ತಡ ಮಿತಿ ಮೀರಿದೆ ಅಂತಲೇ ಅರ್ಥ. ಇದೆಲ್ಲ ಸರಿ ಇದ್ದರೆ ಕಂಪ್ರೆಶನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಅಂತ ಅಳೆಯುವುದು. ಒಂದು ಸಿಲಿಂಡರ್ ಉಳಿದವಕ್ಕಿಂತ ತೀರಾ ಕಡಿಮೆ ತೋರಿಸಿದರೆ ಅದರೊಳಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ನೋಡುತ್ತಾರೆ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅದಕ್ಕಿಂತ ಲೀಕ್-ಡೌನ್ ಟೆಸ್ಟ್ ನನಗೆ ಜಾಸ್ತಿ ಇಷ್ಟ. ಸಿಲಿಂಡರ್‌ಗೆ ಹೊರಗಿನಿಂದ ಗಾಳಿ ತುಂಬಿ ಕಿವಿ ಕೊಟ್ಟು ಕೇಳಬೇಕು. ಆಯಿಲ್ ಮುಚ್ಚಳದಲ್ಲಿ ಸುಸ್ಸೆಂದರೆ ರಿಂಗ್, ಸೈಲೆನ್ಸರ್‌ನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಕೂಲಂಟ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಟರ್ಬೊ ಸರದಿ ಇದರ ನಂತರ. ಪೈಪ್ ಬಿಚ್ಚಿ ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿ. ಅಡ್ಡಡ್ಡ ಸ್ವಲ್ಪ ಆಡುವುದು ಸಹಜ, ಆಯಿಲ್ ಪದರಕ್ಕೆ ಜಾಗ ಬೇಕಲ್ಲ. ಸುಮ್ನೆ ಅದನ್ನು ತೋರಿಸಿ ಟರ್ಬೊ ಹೋಗಿದೆ ಅಂದರೆ ಒಪ್ಪಬೇಡಿ. ಹಿಂದೆ ಮುಂದೆ ಕೈಗೆ ಗೊತ್ತಾಗುವಷ್ಟು ಜಾರಿದರೆ, ಬ್ಲೇಡ್ ಹೌಸಿಂಗ್‌ಗೆ ತಾಗಿದ ಗೀರು ಕಂಡರೆ ಆಗ ನಿಜವಾಗಿಯೂ ಬೇರಿಂಗ್ ಹೋಗಿದೆ. ಡೀಸೆಲ್ ಕಾರಿನಲ್ಲಂತೂ ಇದನ್ನು ಮುಂದೂಡಬೇಡಿ. ಇನ್‌ಟೇಕ್‌ಗೆ ಆಯಿಲ್ ಜೋರಾಗಿ ಹರಿದರೆ ಇಂಜಿನ್ ಅದನ್ನೇ ಉರಿಸಿಕೊಂಡು ಹಿಡಿತ ತಪ್ಪಿ ತಾನೇ ವೇಗ ಏರಿಸಿಕೊಳ್ಳುವ ರನ್‌ಅವೇ ಆಗಬಹುದು, ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಆಗ ಮ್ಯಾನುಯಲ್ ಕಾರಾದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಟಾಪ್ ಗೇರ್ ಹಾಕಿ, ಕ್ಲಚ್ ಬಿಟ್ಟು ಇಂಜಿನ್ ಆರಿಸಬೇಕು.

ಕಾರಣ ಸಿಕ್ಕಿ ರಿಪೇರಿ ಆದ ಮೇಲೂ ಇಂಟರ್‌ಕೂಲರ್ ಮತ್ತು ಸೈಲೆನ್ಸರ್ ಒಳಗೆ ಹಳೆ ಆಯಿಲ್ ಉಳಿದಿರುತ್ತದೆ. ಅದು ಸುಟ್ಟು ಮುಗಿಯುವ ತನಕ ಸ್ವಲ್ಪ ಹೊಗೆ ಬರುತ್ತದೆ. ಇಂಟರ್‌ಕೂಲರ್ ಬಿಚ್ಚಿ ತೊಳೆಸಿ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಗುರುತು ಹಾಕಿಕೊಂಡು ಒಂದಿಷ್ಟು ದಿನ ಓಡಿಸಿ. ಮಟ್ಟ ಇಳಿಯದೆ ಹೊಗೆ ದಿನೇ ದಿನೇ ಕಡಿಮೆಯಾಗುತ್ತಿದ್ದರೆ ಮತ್ತೆ ಏನನ್ನೂ ಬಿಚ್ಚಿಸಬೇಕಾಗಿಲ್ಲ.